ಓಲೆಯ ಚಿತ್ರದ ಜೊತೆ ತೂಕವನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಕಿವಿಯೋಲೆ ಮಾಡಿಕೊಳ್ಳುವ ಬಗ್ಗೆ ಪೂರ್ತಿ ಒಂದು ಪುಟ ಬಂದಿತ್ತು. ಹೊಂಗೆ ಎಲೆಯ ಅಚ್ಚು, ಲಾಲ್‌ಬಾಗಿನ ಗಾಜಿನ ಮನೆ, ಬೇಲೂರಿನ ಜಾಲಂಧ್ರ (ಕಲ್ಲಿನ ಜಾಲರಿ ಕಿಟಕಿ), ಮಲೆನಾಡಿನ ಹಸೆ ಚಿತ್ತಾರ ಎಲ್ಲವೂ ಓಲೆಗಳಾಗಿ ಚೆನ್ನಾಗಿಯೇ ಕಂಡವು. ಚಿತ್ರಗಳ ಬಗ್ಗೆ ತಕರಾರಿಲ್ಲ. ಆದರೆ ಆ ಪುಟವನ್ನು ಮುಂದಿಟ್ಟುಕೊಂಡು ಯಾರಾದರೂ ಕೆಲಸಕ್ಕೆ ಕೂತರೆ ಮೂರು ಕಡೆ ಎಡವುವುದು ಖಂಡಿತ. ಹಸಿಮಣ್ಣಿನ ಓಲೆಯನ್ನು ಅಡುಗೆಮನೆಯ ಓವನ್ನಿನಲ್ಲಿ ಒಂದು ಗಂಟೆ ಇಟ್ಟರೆ ಟೆರ‍್ರಾಕೋಟ ಆಗುತ್ತದೆ ಎಂದಿದೆ. ಕೊಕ್ಕೆಗೆ ಜರ್ಮನ್ ಸಿಲ್ವರ್ ತಂತಿ ಹಾಕಿದರೆ ಕಡಿಮೆ ಖರ್ಚಿನಲ್ಲಿ ಬೆಳ್ಳಿಯ ಕೊಕ್ಕೆಯೇ ಸಿಕ್ಕಂತೆ ಎಂದಿದೆ. ಗುಲಗಂಜಿ ಬೀಜಕ್ಕೆ ಬಿಸಿ ಸೂಜಿಯಲ್ಲಿ ತೂತು ಮಾಡಿ ಪೋಣಿಸಿ ಎಂದಿದೆ. ಮೊದಲನೆಯದರಿಂದ ಓಲೆ ಕೆಡುತ್ತದೆ, ಎರಡನೆಯದರಿಂದ ಕಿವಿ ಕೆಡುತ್ತದೆ, ಮೂರನೆಯದರಿಂದ ಜೀವಕ್ಕೇ ಕುತ್ತು ಬರಬಹುದು. ಇವು ಸಾಲದೆಂಬಂತೆ ಇಡೀ ಪುಟದಲ್ಲಿ ಹುಡುಕಿದರೂ ಒಂದು ಗ್ರಾಂ ಇಲ್ಲ, ಒಂದು ಮಿಲಿಮೀಟರ್ ಇಲ್ಲ.

ಗುಲಗಂಜಿಯ ಮಾತು ಮೊದಲು. ಆ ಕೆಂಪು ಬೀಜದೊಳಗೆ ಅಬ್ರಿನ್ ಎಂಬ ಉಗ್ರ ವಿಷವಿದೆ. ಸಿಪ್ಪೆ ಕಲ್ಲಿನಷ್ಟು ಗಟ್ಟಿ, ಅದು ಒಡೆಯದಿರುವವರೆಗೆ ವಿಷ ಒಳಗೇ ಉಳಿಯುತ್ತದೆ. ಅಕ್ಕಸಾಲಿಗರು ತಲೆಮಾರುಗಟ್ಟಲೆ ಅದನ್ನು ತಕ್ಕಡಿಗೆ ಹಾಕಿ ಚಿನ್ನ ತೂಗಿಯೂ ಏನೂ ಆಗದಿದ್ದುದು ಅದಕ್ಕೇ. ತೂತು ಕೊರೆದಿರೋ, ಆ ಕಾವಲು ಹೋಯಿತು. ಕೊರೆಯುವಾಗ ಏಳುವ ಪುಡಿ ಬೆರಳಿಗೂ ಮೂಗಿಗೂ ಹೋಗುತ್ತದೆ. ಕಿವಿಯಿಂದ ಕಳಚಿ ಬಿದ್ದ ಬೀಜ ಅಂಬೆಗಾಲಿಡುವ ಮಗುವಿನ ಬಾಯಿಗೆ ಹೋಗುತ್ತದೆ. ಕೆಂಪು ಬೀಜವೇ ಬೇಕೆಂದರೆ ಆನೆಗುಲಗಂಜಿ ಇದೆ. ಕಪ್ಪು ಕಣ್ಣಿಲ್ಲದ, ಪೂರಾ ಕೆಂಪಗಿನ, ತುಸು ಚಪ್ಪಟೆ ಬೀಜ ಅದು. ಅದನ್ನೂ ತಿನ್ನುವಂತಿಲ್ಲ, ಆದರೆ ಅದರಲ್ಲಿ ಅಬ್ರಿನ್ ಇಲ್ಲ. ಒಂದು ಮಿಲಿಮೀಟರಿನ ಬಿಟ್ ಹಾಕಿದ ಕೈ ಡ್ರಿಲ್ಲಿನಲ್ಲಿ ನಿಧಾನವಾಗಿ ಕೊರೆಯಬೇಕು. ಅವಸರ ಮಾಡಿದರೆ ಬೀಜ ಎರಡು ಹೋಳಾಗುತ್ತದೆ.

ಇನ್ನು ತೂಕ. ಓಲೆ ಎಂದರೆ ಮೂಲದಲ್ಲಿ ಗರಿ. ತಾಳೆಗರಿಯ ಸುರುಳಿಯನ್ನು ಕಿವಿಯ ತೂತಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಕಾಲದ ಹೆಸರು ಇವತ್ತು ವಜ್ರದ ಓಲೆಗೂ ಅಂಟಿಕೊಂಡಿದೆ. ಬೆಂಡೋಲೆಯಲ್ಲಿರುವ ಬೆಂಡೂ ಹಗುರದ ವಸ್ತುವೇ. ಜುಮುಕಿಯ ಗಂಟೆ ಒಳಗೆ ಪೊಳ್ಳು. ಅಷ್ಟಾಗಿಯೂ ಭಾರ ಹೆಚ್ಚಾದರೆ ಕಿವಿಯ ಮೇಲಿಂದ ಕೂದಲಿಗೆ ಹಾಯಿಸುವ ಮಾಟಿ ಇದೆ, ಭಾರವನ್ನು ಹಾಲೆಯಿಂದ ತೆಗೆದು ತಲೆಗೆ ಹೊರಿಸುತ್ತದೆ. ನಮ್ಮ ಹಳಬರು ಕಿವಿಯ ಹಾಲೆಯ ಲೆಕ್ಕ ಹಾಕಿಯೇ ಒಡವೆ ಮಾಡಿದ್ದಾರೆ. ಬೇಲೂರಿನ ಮದನಿಕೆಯರ ಕಿವಿಯ ಓಲೆ ನೋಡಿ ಅದೇ ಗಾತ್ರದಲ್ಲಿ ಹಿತ್ತಾಳೆಯಲ್ಲಿ ಕತ್ತರಿಸುವವರು ಒಂದು ಮಾತು ನೆನಪಿಡಬೇಕು: ಅವಳ ಓಲೆ ಕಲ್ಲಿನದು ನಿಜ, ಕಿವಿಯೂ ಕಲ್ಲಿನದೇ.

ಕೊಕ್ಕೆಯಿಂದ ತೂಗುವ ಓಲೆ ಒಂದೊಂದೂ 6 ಗ್ರಾಂ ಒಳಗಿರಲಿ. ಬೆಳಿಗ್ಗೆ ಹಾಕಿದ್ದನ್ನು ರಾತ್ರಿ ತೆಗೆಯುವವರಿಗೆ 4 ಗ್ರಾಂ ಒಳ್ಳೆಯದು. 10 ಗ್ರಾಂ ದಾಟಿದರೆ ಮಾಟಿ ಹಾಕಿ, ಇಲ್ಲವೇ ಆ ಚಿತ್ರವನ್ನು ಕೊರಳಿನ ಪದಕ ಮಾಡಿ. ಮಾಡುವ ಮೊದಲೇ ತೂಕ ಗೊತ್ತು ಮಾಡಿಕೊಳ್ಳಬಹುದು. 3 ಸೆಂಟಿಮೀಟರ್ ಅಗಲದ ಗುಂಡು ಬಿಲ್ಲೆಯನ್ನೇ ತೆಗೆದುಕೊಳ್ಳಿ. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದಲ್ಲಿ ಅದು ಸುಮಾರು 3.2 ಗ್ರಾಂ, ಒಂದು ಮಿಲಿಮೀಟರ್ ದಪ್ಪದ್ದಾದರೆ 6.3. ನಾಲ್ಕು ಮಿಲಿಮೀಟರ್ ದಪ್ಪದ ಸುಟ್ಟ ಮಣ್ಣಿನಲ್ಲಿ ಸುಮಾರು 5 ಗ್ರಾಂ. ಮೂರು ಮಿಲಿಮೀಟರ್ ತೇಗದಲ್ಲಿ ಒಂದೂವರೆ ಗ್ರಾಂ ಕೂಡ ಇಲ್ಲ. ಮಣ್ಣಿನ ಬಿಲ್ಲೆಯ ಕೆಳಗೆ ಮಣ್ಣಿನದೇ ಜುಮುಕಿ ತೂಗಹಾಕಿದ ಓಲೆಗಳು ನಿಮ್ಮ ಪುಟದಲ್ಲಿದ್ದವು. ಒಂದೊಂದೂ 12 ಗ್ರಾಮಿಗೆ ಕಡಿಮೆ ಇರಲಾರದು. ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ಲೆಕ್ಕದಲ್ಲಿ ತೋರಿಸುವುದರಿಂದ ಈ ಕೆಲಸಕ್ಕೆ ಆಗುವುದಿಲ್ಲ. 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು.

ಕೊಕ್ಕೆಯ ವಿಷಯಕ್ಕೆ ಬಂದರೆ, ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ಸಾಮಾನ್ಯವಾಗಿ 60 ಪಾಲು ತಾಮ್ರ, 20 ಪಾಲು ನಿಕಲ್, 20 ಪಾಲು ಸತು. ಕುಂಕುಮದ ಬಟ್ಟಲು, ಅರಿಸಿನ ಕುಂಕುಮದ ತಟ್ಟೆಗೆ ಒಳ್ಳೆಯ ಲೋಹ. ಕಿವಿಯ ತೂತಿನೊಳಗೆ ಮಾತ್ರ ಬೇಡ. ಬೆವರು ತಾಗಿದ ನಿಕಲ್ ಕರಗಿ ಚರ್ಮಕ್ಕೆ ಇಳಿಯುತ್ತದೆ. ತುರಿಕೆ, ಕೆಂಪು, ನೀರು ಒಸರುವುದು ಹಾಕಿದ ತಕ್ಷಣ ಕಾಣುವುದಿಲ್ಲ, ಒಂದೆರಡು ದಿನ ಕಳೆದು ಬರುತ್ತದೆ. ಹಾಗಾಗಿ ಓಲೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಶಾಂಪೂ ಬದಲಾಯಿಸುತ್ತಾರೆ. ಒಮ್ಮೆ ಈ ಅಲರ್ಜಿ ಹತ್ತಿದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಯೂರೋಪಿನಲ್ಲಿ ಚುಚ್ಚಿದ ತೂತಿಗೆ ಹಾಕುವ ಲೋಹದಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.2 ಮೈಕ್ರೊಗ್ರಾಮಿಗಿಂತ ಹೆಚ್ಚು ನಿಕಲ್ ಹೊರಬರಬಾರದು ಎಂಬ ಕಾನೂನೇ ಇದೆ. ಬಿಲ್ಲೆ ಯಾವುದೇ ಇರಲಿ, ಕೊಕ್ಕೆ ಮಾತ್ರ 925 ಬೆಳ್ಳಿಯದೋ (ಸಾವಿರಕ್ಕೆ 925 ಪಾಲು ಬೆಳ್ಳಿ) ಟೈಟಾನಿಯಮ್ಮಿನದೋ ನಿಯೋಬಿಯಮ್ಮಿನದೋ ಇರಲಿ. 316ಎಲ್ ಎಂಬ ಸರ್ಜಿಕಲ್ ಸ್ಟೀಲಿನಲ್ಲೂ ನಿಕಲ್ ಇದೆ, ಆದರೆ ಸುಲಭಕ್ಕೆ ಬಿಡುವುದಿಲ್ಲ. ಹೆಚ್ಚಿನವರಿಗೆ ಒಗ್ಗುತ್ತದೆ, ಈಗಾಗಲೇ ಅಲರ್ಜಿ ಇರುವವರು ದೂರವಿರಲಿ. ಕೊಕ್ಕೆಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯುವ ಉಪಾಯ ಹಲವರು ಹೇಳುತ್ತಾರೆ. ಉಜ್ಜಿ ಉಜ್ಜಿ ಕೆಲವೇ ವಾರದಲ್ಲಿ ಹೋಗುತ್ತದೆ, ಹೋದದ್ದು ಗೊತ್ತಾಗುವುದೂ ಇಲ್ಲ.

ಬೆಳ್ಳಿ ಕೊಕ್ಕೆ ಮಾಡಿಕೊಳ್ಳುವುದು ಕಷ್ಟವಲ್ಲ. 20 ಗೇಜಿನ ತಂತಿ, ಅಂದರೆ 0.8 ಮಿಲಿಮೀಟರ್. 22 ಗೇಜು ಬಾಗುತ್ತದೆ. 18 ಗೇಜು ಒಂದು ಮಿಲಿಮೀಟರ್ ದಪ್ಪ, ತಿರುಪಿನ ಓಲೆ ಹಾಕಿ ಹಾಕಿ ಅಭ್ಯಾಸವಾದ ಅಜ್ಜಿಯ ಕಿವಿಗೆ ಸಲೀಸು, ಗನ್ನಿನಲ್ಲಿ ಚುಚ್ಚಿಸಿಕೊಂಡ ಮೊಮ್ಮಗಳ ಕಿವಿಗೆ ನೋವು. ಐದೈದು ಸೆಂಟಿಮೀಟರಿನ ಎರಡು ತುಂಡು ಕತ್ತರಿಸಿ, ಎರಡನ್ನೂ ಜೋಡಿಸಿ ಹಿಡಿದು ತುದಿ ಸಮ ಮಾಡಿ. ಒಂದೊಂದಾಗಿ ಕತ್ತರಿಸಿ ಆಮೇಲೆ ಹೊಂದಿಸಹೋದರೆ ಎಡಗಿವಿಯದು ಬಲಗಿವಿಯದಕ್ಕಿಂತ ಎರಡು ಮಿಲಿಮೀಟರ್ ಕೆಳಗೆ ತೂಗುತ್ತದೆ, ಕನ್ನಡಿಯಲ್ಲಿ ಅದು ಎದ್ದು ಕಾಣುತ್ತದೆ. ಗುಂಡು ಮೂತಿಯ ಇಕ್ಕಳದಲ್ಲಿ ಒಂದು ತುದಿಗೆ ಪುಟ್ಟ ಕುಣಿಕೆ ತಿರುವಿ. ಒಳ ಅಳತೆ ಎರಡೂವರೆ ಮಿಲಿಮೀಟರ್ ಸಾಕು. ಉಳಿದ ತಂತಿಯನ್ನು ಬಾಲ್‌ಪೆನ್ನಿನ ಮೈಗೆ ಸುತ್ತಿದರೆ ಎಂಟೊಂಬತ್ತು ಮಿಲಿಮೀಟರಿನ ಬಾಗು ಬರುತ್ತದೆ. ಹಿಂದಿನ ತುದಿಯ ಮೂರು ಮಿಲಿಮೀಟರನ್ನು ಹೊರಕ್ಕೆ ಸ್ವಲ್ಪ ಮಣಿಸಿ. ತುದಿಯನ್ನು ಸಣ್ಣ ಅರದಿಂದ ದುಂಡಗೆ ಮಾಡಿ, 600 ನಂಬರ್, ಆಮೇಲೆ 1000 ನಂಬರ್ ಎಮರಿ ಕಾಗದದಲ್ಲಿ ಉಜ್ಜಿ. ಹಳೆಯ ರೇಷ್ಮೆ ಸೀರೆಯ ಸೆರಗಿನ ಮೇಲೆ ಆ ತುದಿಯನ್ನು ಎಳೆದು ನೋಡಿ. ಒಂದು ಎಳೆ ಸಿಕ್ಕಿದರೂ ಇನ್ನೂ ಉಜ್ಜಬೇಕು.

ಕೊನೆಯ ಒಂದು ಹೆಜ್ಜೆಯನ್ನು ಎಲ್ಲರೂ ಮರೆಯುತ್ತಾರೆ. ಬಾಗನ್ನು ಸಮತಟ್ಟಾದ ಉಕ್ಕಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ನಾಲ್ಕೈದು ಮೆಲುಪೆಟ್ಟು ಕೊಡಬೇಕು. ಪೆಟ್ಟು ತಿಂದ ಬೆಳ್ಳಿ ಗಡುಸಾಗುತ್ತದೆ. ಮೆತ್ತಗಿನ ಕೊಕ್ಕೆ ದಿನಕ್ಕಿಷ್ಟು ಬಾಯಿ ಬಿಟ್ಟು, ಒಂದು ದಿನ ಬಸ್ಸಿನಲ್ಲಿ ಓಲೆ ಬಿದ್ದುಹೋಗುತ್ತದೆ.

ಕೊಕ್ಕೆಗೂ ಬಿಲ್ಲೆಗೂ ನಡುವಿನ ಉಂಗುರವನ್ನು ಅಗಲಕ್ಕೆ ಎಳೆದು ತೆರೆಯಬಾರದು, ಬಾಗಿಲು ತೆರೆದಂತೆ ಒಂದು ತುದಿ ಮುಂದೆ ಇನ್ನೊಂದು ಹಿಂದೆ ತಿರುಗಿಸಬೇಕು. ಎಳೆದರೆ ಮತ್ತೆ ದುಂಡಗೆ ಕೂಡುವುದೇ ಇಲ್ಲ. ಉಂಗುರ ಎಷ್ಟು ಎಂಬುದಕ್ಕೂ ಲೆಕ್ಕವಿದೆ. ಒಂದೊಂದು ಉಂಗುರವೂ ಬಿಲ್ಲೆಯನ್ನು ಕಾಲು ಸುತ್ತು ತಿರುಗಿಸುತ್ತದೆ. ಚಪ್ಪಟೆ ಬಿಲ್ಲೆಯನ್ನು ಮೇಲೆ ಹೇಳಿದ ಕೊಕ್ಕೆಯ ಕುಣಿಕೆಗೆ ನೇರ ಸಿಕ್ಕಿಸಿದರೆ ಕತ್ತಿಗೆ ಸಮವಾಗಿ ನಿಲ್ಲುತ್ತದೆ. ನಡುವೆ ಒಂದೇ ಉಂಗುರ ಬಂದರೆ ಅಡ್ಡ ತಿರುಗಿ ಅಂಚಿನಿಂದ ಕತ್ತನ್ನು ಚುಚ್ಚುತ್ತದೆ. ಎರಡು ಹಾಕಿದರೆ ಮತ್ತೆ ಸರಿ. ನಿಮ್ಮ ಪುಟದ ಚಿತ್ತಾರದ ಓಲೆ ಪಕ್ಕದಿಂದ ಬರೀ ಗೆರೆಯಂತೆ ಕಂಡದ್ದು ಇದೇ ಕಾರಣಕ್ಕೆ.

ಕಟ್ಟಡವನ್ನು ಓಲೆಗೆ ಇಳಿಸುವಾಗ ಏನನ್ನು ಬಿಡಬೇಕು ಎಂಬುದೇ ಕೆಲಸ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯಲ್ಲಿ ಕಬ್ಬಿಣದ ಪಟ್ಟಿಗಳೆಷ್ಟೋ. ಅವೆಲ್ಲವನ್ನೂ ಮೂರು ಸೆಂಟಿಮೀಟರಿಗೆ ಕುಗ್ಗಿಸಿದರೆ ಸೊಳ್ಳೆಪರದೆಯ ಚೂರಿನಂತೆ ಕಾಣುತ್ತದೆ. ನಡುವಿನ ದೊಡ್ಡ ಕಮಾನು, ಅದರೊಳಗೆ ಬೀಸಣಿಗೆಯಂತೆ ಐದು ಗೆರೆ, ಅಷ್ಟೇ ಉಳಿಸಿದರೆ ಬೆಂಗಳೂರಿನವರು ಯಾರಾದರೂ ಗುರುತು ಹಿಡಿಯುತ್ತಾರೆ. ರೇಖಾಚಿತ್ರವನ್ನು ಓಲೆಯ ನಿಜ ಅಳತೆಯಲ್ಲೇ ಅಚ್ಚು ತೆಗೆದು ಗೋಡೆಗೆ ಅಂಟಿಸಿ, ಒಂದು ಮೀಟರ್ ದೂರ ನಿಂತು ನೋಡಿ. ಕಾಣದ ಗೆರೆಯನ್ನೆಲ್ಲ ಅಳಿಸಿಬಿಡಿ. ವಿಧಾನಸೌಧ ಈ ಪರೀಕ್ಷೆಯಲ್ಲಿ ಸೋಲುತ್ತದೆ, ಕಂಬ ಕಿಟಕಿ ಜಾಸ್ತಿ. ಹಳೆಯ ಬಂಗಲೆಗಳ ಮಂಕಿ ಟಾಪ್ ಗೆಲ್ಲುತ್ತದೆ. ಚೂಪು ಟೊಪ್ಪಿ, ಕೆಳಗೆ ಉದ್ದುದ್ದ ಮರದ ಪಟ್ಟಿ, ಅದೇ ಒಂದು ಓಲೆ. ಗವಿಗಂಗಾಧರೇಶ್ವರನ ಗುಡಿಯ ಅಂಗಳದಲ್ಲಿ ಕಲ್ಲಿನ ಕಂಬದ ಮೇಲೆ ನಿಂತ ಸೂರ್ಯಪಾನ ಚಂದ್ರಪಾನ ಎಂಬ ಗುಂಡು ಕಲ್ಲಿನ ಬಿಲ್ಲೆಗಳನ್ನಂತೂ ಕುಗ್ಗಿಸುವುದೊಂದೇ ಬಾಕಿ. ಒಂದು ಕಿವಿಗೆ ಸೂರ್ಯ, ಇನ್ನೊಂದಕ್ಕೆ ಚಂದ್ರ.

ಜೋಡಿ ಒಂದೇ ಬಗೆಯದಾದರೆ ಒಂದನ್ನು ಕನ್ನಡಿಬಿಂಬದಂತೆ ತಿರುಗಿಸಿಕೊಳ್ಳಬೇಕು. ಗಿಣಿಯೋ ನವಿಲೋ ಎರಡೂ ಒಂದೇ ಕಡೆ ನೋಡಿದರೆ ಒಂದು ಮುಖ ನೋಡುತ್ತಿರುತ್ತದೆ, ಇನ್ನೊಂದು ಬೆನ್ನು ಹಾಕಿ ಹೊರಟಿರುತ್ತದೆ. ತೂತು ಎಲ್ಲಿಗೆ ಎಂಬುದನ್ನು ಕಣ್ಣಳತೆಗೆ ಬಿಡಬೇಡಿ. ಬಿಲ್ಲೆಯ ಮೇಲಂಚಿಗೆ ಟೇಪಿನಲ್ಲಿ ದಾರ ಅಂಟಿಸಿ ತೂಗಿ ನೋಡಿ. ವಾಲಿದರೆ ದಾರವನ್ನು ವಾಲಿದ ಕಡೆಗೇ ಸ್ವಲ್ಪ ಸರಿಸಿ. ನೇರ ನಿಂತ ಜಾಗದಲ್ಲಿ ಗುರುತು ಹಾಕಿ, ಅಂಚಿನಿಂದ ಕನಿಷ್ಠ 2 ಮಿಲಿಮೀಟರ್ ಒಳಗೆ ಕೊರೆಯಿರಿ.

ಈಗ ಮಣ್ಣು. ಅಡುಗೆಮನೆಯ ಓವನ್ 250 ಡಿಗ್ರಿಯಲ್ಲಿ ನಿಲ್ಲುತ್ತದೆ. ಜೇಡಿಮಣ್ಣಿನ ಕಣದೊಳಗೇ ಬೆಸೆದುಕೊಂಡಿರುವ ನೀರು ಹೊರಟು ಮಣ್ಣು ಮತ್ತೆ ಕರಗದ ಗಟ್ಟಿ ಪದಾರ್ಥವಾಗಬೇಕಾದರೆ ಸುಮಾರು 450ರಿಂದ 600 ಡಿಗ್ರಿ ದಾಟಬೇಕು. ಓವನ್ನಿನಿಂದ ತೆಗೆದದ್ದು ಚೆನ್ನಾಗಿ ಒಣಗಿದ ಹಸಿಮಣ್ಣು ಅಷ್ಟೇ. ಅದರ ಮೇಲೆ ಅಕ್ರಿಲಿಕ್ ಬಣ್ಣ ಬಳಿದರೆ ಯಾರಿಗೂ ತಿಳಿಯುವುದಿಲ್ಲ, ಮಳೆಗಾಲದವರೆಗೆ. ಕೊಳ್ಳುವವರು ಬಣ್ಣವಿಲ್ಲದ ಒಂದು ಮಣಿಯನ್ನು ಕೇಳಿ ತಂದು ರಾತ್ರಿ ನೀರಿನಲ್ಲಿ ಹಾಕಿಡಲಿ. ಬೆಳಿಗ್ಗೆ ಲೋಟದ ತಳದಲ್ಲಿ ಕೆಸರಿದ್ದರೆ ಸುಟ್ಟಿಲ್ಲ ಎಂದೇ ಅರ್ಥ.

ಪಾಟರಿ ಟೌನಿನ ಕುಂಬಾರರಲ್ಲಿ ಹದ ಮಾಡಿದ ಜೇಡಿಮಣ್ಣು ಸಿಗುತ್ತದೆ. ಒಂದು ಕಿಲೋ ಮಣ್ಣಿಗೆ ನೂರು ಗ್ರಾಮಿನಷ್ಟು ಇಟ್ಟಿಗೆ ಪುಡಿಯನ್ನು ಹಿಟ್ಟಿನ ಜರಡಿಯಲ್ಲಿ ಸೋಸಿ ಸೇರಿಸಿದರೆ ಬಿರುಕು ಕಡಿಮೆ. ಚಪಾತಿ ಹಿಟ್ಟಿಗಿಂತ ಗಟ್ಟಿ ಹದಕ್ಕೆ ನಾದಿ, ಗುಳ್ಳೆ ಇಲ್ಲದಂತೆ ನೆಲಕ್ಕೆ ಅಪ್ಪಳಿಸಿ, ನಾಲ್ಕು ಮಿಲಿಮೀಟರ್ ದಪ್ಪದ ಎರಡು ಪಟ್ಟಿಗಳ ನಡುವೆ ಲಟ್ಟಿಸಿ. ಎಲೆಯ ಅಚ್ಚು ಒತ್ತುವುದಾದರೆ ಹೊಂಗೆ ಬೇಡ. ಅದರ ಹೊಳಪು, ನುಣುಪು ಮರದ ಮೇಲೆ ಚೆಂದ, ನರ ಮೇಲೆದ್ದಿಲ್ಲವಾದ್ದರಿಂದ ಮಣ್ಣಿನಲ್ಲಿ ಏನೂ ಮೂಡುವುದಿಲ್ಲ. ಸೀಬೆ ಎಲೆಯ ಹಿಂಬದಿ ಒತ್ತಿ ನೋಡಿ, ಒಂದೊಂದು ನರವೂ ಗೆರೆ ಎಳೆದಂತೆ ಬೀಳುತ್ತದೆ. ಮುಂಬದಿ ಒತ್ತುವುದು ಮೊದಲ ಸಲ ಮಾಡುವವರ ಸಾಮಾನ್ಯ ತಪ್ಪು.

ಮಣ್ಣು ಒಣಗಿ ಸುಡುವಷ್ಟರಲ್ಲಿ ನೂರಕ್ಕೆ ಎಂಟು ಹತ್ತರಷ್ಟು ಕುಗ್ಗುತ್ತದೆ. 30 ಮಿಲಿಮೀಟರಿನ ಓಲೆ ಬೇಕಿದ್ದರೆ 33 ಕತ್ತರಿಸಿ, 2 ಮಿಲಿಮೀಟರ್ ತೂತಿಗೆ ಎರಡೂವರೆ ಚುಚ್ಚಿ. ತೂತು ಹಾಕಬೇಕಾದ್ದು ಮಣ್ಣು ಬೆಲ್ಲದ ಅಚ್ಚಿನಷ್ಟು ಗಟ್ಟಿಯಾದಾಗ. ಹಸಿಯಲ್ಲಿ ಹಾಕಿದರೆ ಸುತ್ತ ಉಬ್ಬುತ್ತದೆ, ಪೂರ್ತಿ ಒಣಗಿದ ಮೇಲೆ ಹಾಕಿದರೆ ಸೀಳುತ್ತದೆ. ಒಣಗಿಸುವುದು ನೆರಳಲ್ಲಿ, ಹಳೆಯ ಪತ್ರಿಕೆಯ ಮೇಲೆ, ದಿನಕ್ಕೆರಡು ಸಲ ಮಗುಚುತ್ತ. ಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಒಣಗಿ ಬಿಲ್ಲೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಬೇಸಿಗೆಯಲ್ಲಿ ಮೂರು ನಾಲ್ಕು ದಿನ, ಜುಲೈ ಆಗಸ್ಟಿನಲ್ಲಿ ವಾರವಾದರೂ ಬೇಕು. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಒಳಗಿನ್ನೂ ನೀರಿದೆ. ಆ ನೀರು ಬೆಂಕಿಯಲ್ಲಿ ಹಬೆಯಾಗಿ ಓಲೆಯನ್ನು ಒಡೆಯುತ್ತದೆ.

ಸುಡಲು ಮುಚ್ಚಳವಿರುವ ಸಣ್ಣ ಮಡಕೆಯೊಳಗೆ ಬೂದಿಯ ನಡುವೆ ಓಲೆಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು, ಸುತ್ತ ಬೆರಣಿ, ಇದ್ದಿಲು, ಭತ್ತದ ಹೊಟ್ಟು ತುಂಬಿ ಮೇಲಿನಿಂದ ಕಿಚ್ಚು ಹಚ್ಚಬೇಕು. ಮೊದಲ ಒಂದು ಗಂಟೆ ಬೆಂಕಿ ಮಂದವಾಗಿರಲಿ. ಆಮೇಲೆ ಇದ್ದಿಲು ಕೆಂಪಾಗಿ ನಿಗಿನಿಗಿ ಉರಿಯಲಿ. ಆರುವವರೆಗೆ, ಅಂದರೆ ಮರುದಿನ ಬೆಳಿಗ್ಗೆಯವರೆಗೆ, ಮುಚ್ಚಳ ತೆಗೆಯಲೇಬಾರದು. ಮಣ್ಣಿನಲ್ಲಿರುವ ಮರಳಿನ ಹರಳು 573 ಡಿಗ್ರಿಯ ಹತ್ತಿರ ತಟ್ಟನೆ ಹಿಗ್ಗಿ ಕುಗ್ಗುತ್ತದೆ. ಬಿಸಿಯಲ್ಲಿ ಗಾಳಿ ಹೊಕ್ಕರೆ ಟಿಣ್ ಎಂದು ಬಿರುಕು ಬಿಟ್ಟ ಸದ್ದೇ ಕೇಳುತ್ತದೆ. ಹೊಗೆ ಹೊರಹೋಗದಂತೆ ಮೆತ್ತಿ ಸುಟ್ಟರೆ ಕಪ್ಪು ಓಲೆ, ಗಾಳಿಯಾಡಲು ಬಿಟ್ಟರೆ ಕೆಂಪು. ಅಪಾರ್ಟ್‌ಮೆಂಟಿನ ಮಹಡಿಯ ಮೇಲೆ ಇದನ್ನು ಮಾಡಿದರೆ ಓಲೆ ಸುಡುವ ಮೊದಲು ಸಂಘದವರು ಬರುತ್ತಾರೆ. ಕುಂಬಾರರು ಒಪ್ಪಿದರೆ ಅವರ ಆವಿಗೆಯ ಮೂಲೆಯಲ್ಲಿ ಒಂದು ಮಡಕೆ ಇಡಿಸುವುದು ಜಾಣತನ. ಹಸಿಮಣ್ಣಿಗೇ ತಂತಿ ಹುದುಗಿಸಿ ಸುಡುವುದಾದರೆ ಅದು ನಿಕ್ರೋಮ್ ತಂತಿಯಾಗಿರಲಿ, ಹಳೆಯ ಹೀಟರ್ ಕಾಯಿಲಿನದ್ದು. ತಾಮ್ರ ಪದರ ಪದರವಾಗಿ ಉದುರುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ನಿಕ್ರೋಮಿನಲ್ಲೂ ನಿಕಲ್ ಇದೆ, ಆದರೆ ಅದು ಇರುವುದು ಬಿಲ್ಲೆಯ ತಲೆಯಲ್ಲಿ, ಕಿವಿಯ ತೂತಿನೊಳಗಲ್ಲ.

ಹಸೆ ಚಿತ್ತಾರಕ್ಕೆ ಸುಟ್ಟ ಮಣ್ಣಿನಷ್ಟು ಒಪ್ಪುವ ನೆಲ ಬೇರೆ ಇಲ್ಲ. ಸಾಗರ ಸೊರಬದ ಕಡೆ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಎಳೆಯುವ ಗೆರೆಗಳು ಅವು. ಓಲೆ ತಾನೇ ಕೆಂಪಗಿರುವಾಗ ಬಿಳಿಯೊಂದು ಸಾಕು. ನಿಮ್ಮ ಪುಟದಲ್ಲಿ ಕೆಂಪು ಓಲೆಗೆ ಮತ್ತೆ ಕೆಂಪು ಬಣ್ಣ ಬಳಿದಿದ್ದರು, ಯಾಕೋ. ಅಕ್ಕಿಹಿಟ್ಟು ಬೆವರಿಗೆ ನಿಲ್ಲುವುದಿಲ್ಲ, ಹಾಗಾಗಿ ಬಿಳಿ ಅಕ್ರಿಲಿಕ್, 000 ನಂಬರಿನ ಕುಂಚ. ಚಿತ್ತಾರ ಯಾರದು ಎಂದು ಮಾರುವ ಚೀಟಿಯ ಮೇಲೆ ಒಂದು ಸಾಲು ಬರೆಯಬೇಕು. ಈಗಿನ ಕಲಾವಿದರ ಚಿತ್ರವನ್ನಾದರೆ ಕೇಳದೆ ತೆಗೆಯುವಂತಿಲ್ಲ. ನಮ್ಮಲ್ಲಿ ಕೃತಿಸ್ವಾಮ್ಯ ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.

ಜಾಲಂಧ್ರಕ್ಕೆ ತಾಮ್ರವೇ ಸರಿ. ಕತ್ತರಿಸಿ ತೂತು ತೆಗೆಯುವುದಕ್ಕಿಂತ ಆಮ್ಲದಲ್ಲಿ ಕೊರೆಯುವುದು ಸುಲಭ. ಸರ್ಕ್ಯೂಟ್ ಬೋರ್ಡ್ ಮಾಡುವವರು ಬಳಸುವ ಫೆರಿಕ್ ಕ್ಲೋರೈಡ್ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ದ್ರಾವಣವನ್ನೇ ತನ್ನಿ. ಪುಡಿ ತಂದರೆ ನೀರಿಗೆ ಪುಡಿಯನ್ನು ಹಾಕಬೇಕೇ ಹೊರತು ಪುಡಿಗೆ ನೀರು ಸುರಿಯಬಾರದು, ಬಿಸಿಯೇರಿ ಚಿಮ್ಮುತ್ತದೆ. 0.8 ಮಿಲಿಮೀಟರ್ ತಾಮ್ರದ ತಗಡನ್ನು ಪಾತ್ರೆ ಪುಡಿಯಿಂದ ಉಜ್ಜಿ ತೊಳೆಯಿರಿ. ನೀರು ಹನಿಹನಿಯಾಗಿ ನಿಂತರೆ ಜಿಡ್ಡಿದೆ, ಒಂದೇ ಪದರವಾಗಿ ಹರಡಿದರೆ ಆಯಿತು. ಚಿತ್ರವನ್ನು ಕನ್ನಡಿಬಿಂಬದಂತೆ ತಿರುಗಿಸಿ ನುಣುಪು ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಸಿ, ತಗಡಿನ ಮೇಲೆ ಮಗುಚಿ, ಇಸ್ತ್ರಿಪೆಟ್ಟಿಗೆಯಿಂದ ಎರಡು ಮೂರು ನಿಮಿಷ ಒತ್ತಿದರೆ ಪ್ರಿಂಟಿನ ಕಪ್ಪು ಪುಡಿ ತಗಡಿಗೆ ಅಂಟುತ್ತದೆ, ಅಂಟಿದ ಕಡೆ ದ್ರಾವಣ ತಿನ್ನುವುದಿಲ್ಲ. ಇಂಕ್‌ಜೆಟ್ ಪ್ರಿಂಟ್ ಅಂಟುವುದಿಲ್ಲ. ನೀರಲ್ಲಿ ನೆನೆಸಿ ಕಾಗದ ಸುಲಿದು, ಬಿಟ್ಟುಹೋದ ಕಡೆ ಪರ್ಮನೆಂಟ್ ಮಾರ್ಕರಿನಲ್ಲಿ ತುಂಬಿ. ಹಿಂಬದಿಗೆ ಪ್ಯಾಕಿಂಗ್ ಟೇಪ್.

ಪ್ಲಾಸ್ಟಿಕ್ ಡಬ್ಬಿಯಲ್ಲಿ ದ್ರಾವಣ ಹಾಕಿ, ತಗಡನ್ನು ಥರ್ಮೋಕೋಲ್ ತುಂಡಿಗೆ ಅಂಟಿಸಿ ಮುಖ ಕೆಳಗಾಗಿ ತೇಲಿಬಿಡಿ. ಮುಖ ಮೇಲಾಗಿಟ್ಟರೆ ಕರಗಿದ ತಾಮ್ರದ ಗಸಿ ಗೀರುಗಳಲ್ಲೇ ಕೂತು ಕೊರೆತ ನಿಲ್ಲುತ್ತದೆ. ಅಲ್ಯೂಮಿನಿಯಂ ಪಾತ್ರೆ ಹತ್ತಿರವೂ ಬೇಡ. ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆದು ಉಗುರಿನಿಂದ ಆಳ ನೋಡಿ. ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಇನ್ನೂ ನಿಧಾನ, ಡಬ್ಬಿಯನ್ನು ಬಿಸಿನೀರಿನ ಟಬ್ಬಿನಲ್ಲಿಟ್ಟರೆ ಚುರುಕಾಗುತ್ತದೆ. ಆಮ್ಲ ಕೆಳಗಷ್ಟೇ ಅಲ್ಲ, ಪಕ್ಕಕ್ಕೂ ತಿನ್ನುತ್ತದೆ. ಅರ್ಧ ಮಿಲಿಮೀಟರಿಗಿಂತ ತೆಳುವಾದ ಗೆರೆ ಬುಡದಿಂದ ಸವೆದು ಹೋಗುವುದು ಇದಕ್ಕೇ. ಜಾಲಂಧ್ರದ ಇಡೀ ಕಿಟಕಿ ಬೇಡ, ಮತ್ತೆ ಮತ್ತೆ ಬರುವ ಒಂದೇ ಮನೆಯನ್ನು ತೆಗೆದುಕೊಳ್ಳಿ. ತೆಗೆದ ತಗಡನ್ನು ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ ಆಮ್ಲ ಕೊಲ್ಲಬೇಕು. ಕೈಗವಸು, ಕನ್ನಡಕ ಕಡ್ಡಾಯ. ನೆಲದ ಮೇಲೆ ಬಿದ್ದ ಹನಿ ಹಳದಿ ಕಲೆಯಾಗಿ ಉಳಿದೇಬಿಡುತ್ತದೆ.

ಉಳಿದ ದ್ರಾವಣದ ಬಗ್ಗೆ ನಿಮ್ಮ ಪುಟ ಏನೂ ಹೇಳಿರಲಿಲ್ಲ. ಸಿಂಕಿಗೆ ಚೆಲ್ಲಬೇಡಿ. ಅದರಲ್ಲಿ ಕರಗಿರುವ ತಾಮ್ರ ಜಲಚರಗಳಿಗೆ ವಿಷ, ನಮ್ಮ ಚರಂಡಿಗಳು ರಾಜಕಾಲುವೆ ಹಿಡಿದು ಹೋಗುವುದು ಕೆರೆಗೇ. ಬೇರೆ ಬಾಟಲಿಯಲ್ಲಿಟ್ಟು ಮತ್ತೆ ಬಳಸಿ. ಸತ್ವ ಹೋದ ಮೇಲೆ ದೊಡ್ಡ ಬಕೀಟಿನಲ್ಲಿ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಒಮ್ಮೆಗೇ ಹಾಕಿದರೆ ನೊರೆ ಉಕ್ಕಿ ಹೊರಬರುತ್ತದೆ. ತಳದಲ್ಲಿ ನಿಂತ ಗಸಿಯನ್ನು ಒಣಗಿಸಿ ಅಪಾಯಕಾರಿ ತ್ಯಾಜ್ಯವೆಂದೇ ಬೇರೆ ಕಟ್ಟಿ ಕೊಡಿ.

ಕೊರೆದ ಗೀರು ಕಪ್ಪಾಗಿ ಕಾಣಬೇಕೆಂದರೆ ಔಷಧ ಬೇಡ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಬಿಸಿಯಿರುವಾಗಲೇ ಕಿವುಚಿ, ಓಲೆಯನ್ನು ಅದಕ್ಕೆ ತಾಗದಂತೆ ಅದೇ ಡಬ್ಬಿಯಲ್ಲಿಟ್ಟು ಮುಚ್ಚಿ. ಮೊಟ್ಟೆಯ ಗಂಧಕ ಕೆಲವೇ ಗಂಟೆಗಳಲ್ಲಿ ತಾಮ್ರವನ್ನು ಕಪ್ಪಾಗಿಸುತ್ತದೆ. ಆಮೇಲೆ ಸಣ್ಣ ಎಮರಿಯಿಂದ ಮೇಲೆ ಮೇಲೆ ಉಜ್ಜಿದರೆ ಉಬ್ಬು ಹೊಳೆಯುತ್ತದೆ, ತಗ್ಗು ಕಪ್ಪಾಗೇ ಉಳಿಯುತ್ತದೆ. ಇಂಥ ಓಲೆಯನ್ನು ಹುಣಸೆಹಣ್ಣಿನಲ್ಲಿ ತೊಳೆಯಬಾರದು, ತೊಳೆದರೆ ಚೊಂಬಿನಂತೆ ಥಳಥಳ ಹೊಳೆಯುತ್ತದೆ, ಚಿತ್ರ ಮಾಯ.

ತೂಗುವ ಓಲೆ ಸುಮ್ಮನಿರುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಹಿಂಬದಿ ಮುಂಬದಿಯಷ್ಟೇ ಕಾಣುತ್ತದೆ. ಈ ದೃಷ್ಟಿಯಿಂದ ಧಾರವಾಡದ ಕಡೆಯ ಕಸೂತಿ ಓಲೆಗೆಂದೇ ಹುಟ್ಟಿದಂತಿದೆ. ನಿಮ್ಮ ಪುಟದಲ್ಲಿ ಅದರ ಹೆಸರೇ ಇರಲಿಲ್ಲ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟದ್ದನ್ನು ತುಂಬುತ್ತಾರೆ. ಗಂಟು ಹಾಕುವುದಿಲ್ಲ, ಎರಡೂ ಬದಿ ಒಂದೇ ಚಿತ್ರ. ಮುರ್ಗಿ ಹೊಲಿಗೆಯೂ ಹಾಗೆಯೇ. ಮೆಂತಿ ಹೊಲಿಗೆ ಇಲ್ಲಿಗೆ ಬೇಡ, ಹಿಂಬದಿ ಬೇರೆಯಾಗುತ್ತದೆ. ಬಟ್ಟೆಯಲ್ಲಿ ಒಂದು ಎಣಿಕೆಯ ತೊಡಕಿದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಚೌಕುಳಿ ನೇಯ್ಗೆಯ ಮ್ಯಾಟಿ ಬಟ್ಟೆಯಲ್ಲಿ ಇಂಚಿಗೆ 14 ಮನೆ (ಚೌಕ), ಅಂದರೆ ಮೂರು ಸೆಂಟಿಮೀಟರಿನಲ್ಲಿ ಹದಿನಾರು. ಅಷ್ಟರಲ್ಲಿ ಒಂದು ನಕ್ಷತ್ರ ಕೂರುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಏರುವ ಗೋಪುರ ಕೂರುವುದಿಲ್ಲ. ಇಂಚಿಗೆ 28 ಎಳೆಯ ಬಟ್ಟೆಯಲ್ಲಿ ಎಳೆ ಎಣಿಸಿ ಹೊಲಿದರೆ ಮೂವತ್ತಮೂರು ಮನೆ ಸಿಗುತ್ತದೆ, ಗೋಪುರವೂ ತುಳಸಿಕಟ್ಟೆಯೂ ಬರುತ್ತವೆ. ಕಣ್ಣಿಗೆ ಶ್ರಮ, ಹಗಲು ಬೆಳಕಿನಲ್ಲೇ ಹೊಲಿಯಬೇಕು. 18 ಗೇಜಿನ ಹಿತ್ತಾಳೆ ತಂತಿಯ ಬಳೆಗೆ ಬಟ್ಟೆಯ ಅಂಚು ಮಡಚಿ ಬಿಗಿಯಾಗಿ ಸುತ್ತಿ ಹೊಲಿದರೆ ತೀರಾ ಹಗುರದ ಓಲೆ ಸಿದ್ಧ.

ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಪಾರದರ್ಶಕ ರೆಸಿನ್ ಬಗ್ಗೆ ಎರಡೇ ಮಾತು. ಹಸಿ ಹೂವಿನ ದಳ ಹಾಕಿದರೆ ಅದರ ನೀರು ಗುಳ್ಳೆಯಾಗಿ, ದಳ ಕಂದಾಗುತ್ತದೆ. ತೇವ ಹೀರುವ ಸಿಲಿಕಾ ಜೆಲ್ಲಿನಲ್ಲಿ ಒಣಗಿಸಬೇಕು, ಅಷ್ಟಾದರೂ ಜಕರಂಡದ ನೀಲಿ ನಿಲ್ಲುವುದು ಕಷ್ಟ, ಕಾಗದದಂಥ ಬೋಗನ್‌ವಿಲ್ಲ ನಿಲ್ಲುತ್ತದೆ. ಎರಡನೆಯದು ಪ್ರಮಾಣ. ಬಾಟಲಿಯ ಮೇಲಿನ 2:1 ತೂಕದ್ದೋ ಅಳತೆಯದ್ದೋ ಎಂದು ಓದದೆ ಬೆರೆಸಿದ ಓಲೆ ಎಷ್ಟು ದಿನ ಕಾದರೂ ಅಂಟಂಟಾಗಿಯೇ ಇರುತ್ತದೆ.

ಚನ್ನಪಟ್ಟಣದ ಅರಗಿನ ಮಣಿ ಹಗುರ, ಬಣ್ಣ ಗಾಢ, ಆಲೆ ಮರದ್ದು. ಅರಗು ಮದ್ಯಸಾರದಲ್ಲಿ ಕರಗುವುದರಿಂದ ಸೆಂಟು ಹೊಡೆದುಕೊಂಡು ಆರಿದ ಮೇಲೆ ಓಲೆ ಹಾಕಬೇಕು, ಸ್ಯಾನಿಟೈಸರ್ ಕೈಯಲ್ಲಿ ಮುಟ್ಟಬಾರದು. ಇದನ್ನು ಮಾರುವವರು ಹೇಳುವುದಿಲ್ಲ, ಕೊಂಡವರು ಬಣ್ಣ ಹೋಯಿತೆಂದು ಚನ್ನಪಟ್ಟಣದವರನ್ನು ಬೈಯುತ್ತಾರೆ.

ಇಂಥ ಪುಟಗಳನ್ನು ನಿಲ್ಲಿಸಿ ಎಂದು ಬರೆಯುತ್ತಿಲ್ಲ. ಮುಂದಿನ ಸಲ ಪ್ರತಿ ಓಲೆಯ ಚಿತ್ರದ ಕೆಳಗೆ ಮೂರು ಸಂಗತಿ ಇರಲಿ: ಒಂದರ ತೂಕ ಎಷ್ಟು ಗ್ರಾಂ, ಕೊಕ್ಕೆ ಯಾವ ಲೋಹ, ಹಿಂಬದಿಯ ಒಂದು ಚಿತ್ರ. ಜನವರಿಯ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯಲ್ಲಿ ಓಲೆ ಹರಡಿಕೊಂಡು ಕೂರುವವರೂ ಇದೇ ಮೂರನ್ನು ಚೀಟಿಯಲ್ಲಿ ಬರೆದಿಟ್ಟರೆ ಕೊಳ್ಳುವವರಿಗೆ ಕೇಳುವ ಕಷ್ಟ ತಪ್ಪುತ್ತದೆ. ಇಷ್ಟುದ್ದದ ಪತ್ರಕ್ಕೆ ಜಾಗ ಇರಲಾರದೆಂದು ಗೊತ್ತು. ಗುಲಗಂಜಿಯ ತಿದ್ದುಪಡಿಯನ್ನಾದರೂ ನಾಳಿನ ಸಂಚಿಕೆಯಲ್ಲೇ ಹಾಕಿ. ಉಳಿದದ್ದು ಮುಂದಿನ ಭಾನುವಾರ ಬಂದರೂ ಆದೀತು, ಈ ಮಳೆಯಲ್ಲಿ ಮಣ್ಣು ಒಣಗಲು ಹೇಗೂ ಒಂದು ವಾರ ಬೇಕು.

ಇತಿ,
ಓಲೆ ಮಾಡುವ, ಮಾಡಲು ಕಲಿಸುವ ನಾಲ್ವರು
ಬಸವನಗುಡಿ, ಬೆಂಗಳೂರು